ಸೀಮಂತಕ್ಕೂ ಮುಂಚೆ

ನಮ್ಮ ಮನೆಗಳಲ್ಲಿ ಬಸುರಿಯ ಆರೈಕೆಯೆಂದರೆ ಬಯಕೆಯೂಟ, ಕೇಸರಿ ಹಾಲು, ಸೀಮಂತದ ಹಸಿರು ಬಳೆ. ಅದಕ್ಕೆ ಮೊದಲು, ಮೂರು ತಿಂಗಳು ತುಂಬುವವರೆಗೆ, ಯಾರೂ ಬಾಯಿ ಬಿಡಕೂಡದು! ಈ ಗುಟ್ಟಿನ ಪದ್ಧತಿಗೆ ನನ್ನ ಸ್ಪಷ್ಟ ವಿರೋಧವಿದೆ.

ಮಗುವಿನ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿತೆಂದು ತಾಯಿಗೆ ತಿಳಿಯುವಷ್ಟರಲ್ಲಿ ಅರ್ಧ ಕಾಲ ಕಳೆದಿರುತ್ತದೆ. ಆದ್ದರಿಂದಲೇ ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಬೇಕು. ನಾಲ್ಕನೆಯ ತಿಂಗಳಲ್ಲಿ ನುಂಗಿದ ಗುಳಿಗೆ ಮುಚ್ಚದೆ ಉಳಿದ ನಾಳವನ್ನು ಮುಚ್ಚಲಾರದು. ಸೊಪ್ಪು ಸಾಲದೇ ಎನ್ನುವಿರಿ. ಸೊಪ್ಪಿನಲ್ಲಿ ಫೋಲೇಟ್ ಉಂಟು, ನಿಜ. ಆದರೆ ಬೇಯಿಸಿ ಬಸಿದರೆ ಬಹುಪಾಲು ಹೋಗುತ್ತದೆ. (ಬಸ್ಸಾರು ಮಾಡುವವರು ಒಂದಿಷ್ಟನ್ನಾದರೂ ಉಳಿಸಿಕೊಂಡಾರು.)

ಇನ್ನು ಕಬ್ಬಿಣದ ಗುಳಿಗೆ. ಅದರಿಂದ ಮಗು ಕಪ್ಪಾಗುತ್ತದೆಂಬ ಹಿರಿಯರ ಮಾತು ಕೇಳಿ ನಮ್ಮ ಬಂಧುವೊಬ್ಬಳು ಸರ್ಕಾರ ಕೊಟ್ಟ ಗುಳಿಗೆಗಳನ್ನೆಲ್ಲ ಹಿತ್ತಲಿಗೆ ಎಸೆದಳು. ಹೆರಿಗೆಯ ರಾತ್ರಿ ಅವಳಿಗಾಗಿ ರಕ್ತ ಹುಡುಕುತ್ತ ಅಲೆದವರಲ್ಲಿ ನಾನೂ ಒಬ್ಬ. ಆ ಗುಳಿಗೆಯಿಂದ ಕಪ್ಪಾಗುವುದು ಮಲ ಮಾತ್ರ. ಅಷ್ಟಕ್ಕೂ, ಮಗು ಕಪ್ಪಾದರೆ ತಾನೆ ಏನು? ಗುಳಿಗೆಯ ಜೊತೆಗೆ ಕಾಫಿ, ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತದು; ನಿಂಬೆ ಪಾನಕವಾದರೆ ಒಳ್ಳೆಯದು.

ಮಗಳ ಮದುವೆಗೆಂದು ಒಡವೆ ಅಂಗಡಿಗೆ ಹತ್ತು ಸಲ ಅಲೆಯುವ ನನ್ನ ಶಿಷ್ಯರು ಅವಳನ್ನು ಒಮ್ಮೆ ವೈದ್ಯರಲ್ಲಿಗೂ ಕಳುಹಿಸಲಿ. ಹಿಂದಿನ ಮಗುವಿಗೆ ನರನಾಳದ ದೋಷವಿದ್ದವರಿಗೆ, ಮೂರ್ಛೆರೋಗದ ಔಷಧ ಸೇವಿಸುವವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು.