ಮೂಕಪ್ರಾಣಿಯ ಬಾಯಿ

ನಾಯಿಬೆಕ್ಕುಗಳನ್ನು ಮೂಕಪ್ರಾಣಿಗಳೆಂದು ಕರೆಯುವುದು ನಮ್ಮ ವಾಡಿಕೆ. ಆ ಮಾತಿಲ್ಲದ ಬಾಯಿಯೊಳಗೇ ವ್ಯಾಧಿ ಹುಟ್ಟಿದರೆ ಹೇಳುವವರಾರು? ಉಸಿರಿನ ದುರ್ಗಂಧ, ಇಳಿಯುವ ಜೊಲ್ಲು, ಅದರಲ್ಲಿ ನೆತ್ತರಿನ ಎಳೆ, ಸಡಿಲಗೊಂಡ ಹಲ್ಲು, ಬಾಯಿಂದ ಜಾರುವ ತುತ್ತು, ಇವೇ ಅವುಗಳ ನುಡಿ. ಮುಪ್ಪಿನ ಲಕ್ಷಣವೆಂದು ನಾವು ಸುಮ್ಮನಾಗುತ್ತೇವೆ, ಗಡ್ಡೆ ಸುಮ್ಮನಿರುವುದಿಲ್ಲ.

ದವಡೆಯ ಒಂದು ಭಾಗವನ್ನೇ ತೆಗೆಯಬೇಕೆಂದು ಪಶುವೈದ್ಯರು ಹೇಳಿದಾಗ ಸಾಕಿದವರು ಬೆಚ್ಚುವುದು ಸಹಜ. “ಮುಖ ವಿಕಾರವಾದೀತಲ್ಲ!” ಎಂಬುದೇ ಮೊದಲ ಉದ್ಗಾರ. ಈ ಚಿಂತೆ ನಮ್ಮದೇ ವಿನಾ ನಾಯಿಯದಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡಿಯ ಹಂಗು ಅದಕ್ಕಿಲ್ಲ. ಹೆಚ್ಚಿನ ನಾಯಿಗಳು ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಮೆದು ಆಹಾರವನ್ನು ತಾವಾಗಿಯೇ ತಿನ್ನತೊಡಗುತ್ತವೆ. ನಾಲಗೆ ಒಂದು ಬದಿಗೆ ಜೋತುಬಿದ್ದರೂ ಬಾಲದ ಉತ್ಸಾಹ ಕುಂದುವುದಿಲ್ಲ.

ಅಷ್ಟೊಂದು ಕತ್ತರಿಸುವುದೇಕೆಂದು ಕೇಳಬಹುದು. ಈ ಗಡ್ಡೆಗಳಲ್ಲಿ ಹಲವು ಎಲುಬಿನೊಳಕ್ಕೆ ಇಳಿಯುತ್ತವೆ. ಕಂಡಷ್ಟನ್ನೇ ಕೊಯ್ದರೆ ಬೇರುಳಿಸಿ ಕಳೆ ಕಿತ್ತಂತೆ. ಅಕ್ಯಾಂತೊಮ್ಯಾಟಸ್ ಅಮೆಲೊಬ್ಲಾಸ್ಟೋಮ ಎಂಬ ಗಡ್ಡೆ ದೇಹದ ಬೇರೆಡೆಗೆ ಹರಡದು, ದವಡೆಯನ್ನು ಮಾತ್ರ ಕೊರೆಯುತ್ತದೆ. ಸುತ್ತಲಿನ ಸುಮಾರು 1 ಸೆಂಟಿಮೀಟರ್ ಆರೋಗ್ಯವಂತ ಭಾಗದೊಡನೆ ಅದನ್ನು ತೆಗೆದರೆ ನಾಯಿ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತದೆ. ನಾಯಿಯ ಬಾಯಿಯ ಮಾರಕ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದ ಮೆಲನೋಮದ ಮಾತು ಬೇರೆ. ಅದು ಕತ್ತಿನ ಗ್ರಂಥಿಗಳಿಗೂ ಶ್ವಾಸಕೋಶಕ್ಕೂ ಹರಡುವ ಜಾತಿ. ಅಲ್ಲಿ ಶಸ್ತ್ರವು ಬಾಯಿಯ ನೋವನ್ನು ನೀಗಬಲ್ಲದು. ಆಯುಸ್ಸಿನ ಭರವಸೆ ಕೊಡಲಾರದು. ಆದ್ದರಿಂದ ಗಡ್ಡೆಯ ಚೂರನ್ನು ಮೊದಲು ಪರೀಕ್ಷಿಸಿ, ಎದೆಯ ಎಕ್ಸ್-ರೇ ತೆಗೆಸಿ, ಆಮೇಲೆ ನಿರ್ಧರಿಸುವುದು ವಿವೇಕ.

ಬೆಕ್ಕಿನ ಪಾಡು ಇನ್ನೂ ಕಠಿನ. ಅದನ್ನು ಹೆಚ್ಚಾಗಿ ಕಾಡುವುದು ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಎಷ್ಟೋ ವೇಳೆ ಅದು ನಾಲಗೆಯ ಅಡಿಯಲ್ಲಿ ಅಡಗಿ, ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರಿರುತ್ತದೆ. ದವಡೆ ಕಳೆದುಕೊಂಡ ಬೆಕ್ಕು ನಾಯಿಯಂತೆ ಬೇಗ ಹೊಂದಿಕೊಳ್ಳದು. ಹಲವಕ್ಕೆ ಕೊಳವೆಯ ಮೂಲಕ ಆಹಾರ ಕೊಡಬೇಕಾಗುತ್ತದೆ. ಕೆಲವು ಮತ್ತೆಂದೂ ತಾವಾಗಿ ತಿನ್ನುವುದಿಲ್ಲ. ಅಲ್ಲಿ ಶಸ್ತ್ರವನ್ನು ಕೆಳಗಿಡುವುದೂ ದಯೆಯೇ. ದಯೆಯೆಂದರೆ ಕೊಯ್ಯಲು ಹಿಂಜರಿಯುವ ಮನಸ್ಸೂ ಅಲ್ಲ, ಎಲ್ಲವನ್ನೂ ಕೊಯ್ದೇ ತೀರುವ ಹಟವೂ ಅಲ್ಲ. ಯಾವ ಪ್ರಾಣಿ, ಯಾವ ಗಡ್ಡೆ, ಎಷ್ಟು ನೋವು ಎಂದು ತೂಗಿ ನೋಡುವ ಬುದ್ಧಿ.

ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಹೋಗಲೊಲ್ಲದ ಧರ್ಮರಾಯನನ್ನು ತರಗತಿಗಳಲ್ಲಿ ಕೊಂಡಾಡುತ್ತ ಬಂದಿದ್ದೇವೆ. ನಮ್ಮ ಪ್ರಾಣಿಗಳು ಅಂಥ ತ್ಯಾಗವನ್ನು ಬೇಡುತ್ತಿಲ್ಲ. ಆಗಾಗ ತುಟಿ ಎತ್ತಿ ಬಾಯೊಳಗೆ ನೋಡಿದರೆ ಸಾಕು. ಗಡ್ಡೆ ಚಿಕ್ಕದಿರುವಾಗ ಕಂಡರೆ ಶಸ್ತ್ರದ ಕೆಲಸವೂ ಚಿಕ್ಕದು.