ಒಂದೇ ಹೆಸರು, ಹಲವು ಕಾರು

ಸೋದರಿಯರೇ, ಕಾರು ಕೊಳ್ಳುವ ಮಾತು ಬಂದಾಗ ಗಂಡಸರು ಜಗಲಿಯಲ್ಲೇ ಎಲ್ಲವನ್ನೂ ತೀರ್ಮಾನಿಸಿ, ಬಣ್ಣ ಯಾವುದಿರಲಿ ಎಂದಷ್ಟೇ ಒಳಗೆ ಬಂದು ಕೇಳುತ್ತಾರೆ. ಆದರೆ ಮುಂಗಡ ಹಣಕ್ಕಾಗಿ ಕರಗುವುದು ಹೆಚ್ಚಾಗಿ ನಿಮ್ಮ ಬಳೆ. ಹಿಂದಿನ ಸೀಟಿನಲ್ಲಿ ಮಗುವಿನೊಂದಿಗೆ, ಮಂಡಿನೋವಿನ ಅತ್ತೆಯೊಂದಿಗೆ ಕುಳಿತುಕೊಳ್ಳುವವರೂ ನೀವೇ. ಆದ್ದರಿಂದ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ.

ಕಾರವಾರ, ಅಂಕೋಲಾ ಕಡೆ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಗೋವಾ ಅಥವಾ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಓಡಬೇಕು. ನಮಗೆ ಕಾರೆಂದರೆ ಬರೀ ಶೋಕಿಯಲ್ಲ. ಡಿಕ್ಕಿಯಿರುವ ಚಿಕ್ಕ ಕಾರು ಎಂದರೆ ಹೆಚ್ಚಿನವರ ಬಾಯಲ್ಲಿ ಮೊದಲು ಬರುವುದು ಮಾರುತಿಯ ಡಿಜೈರ್. ಆದರೆ ಈ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾರುಗಳಿವೆ.

2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಜೈರ್ ನಾಲ್ಕು ಮೀಟರಿಗಿಂತ ಉದ್ದವಿತ್ತು. ಚಿಕ್ಕ ಕಾರಿಗೆ ಸಿಗುವ ತೆರಿಗೆ ರಿಯಾಯಿತಿಗಾಗಿ 2012ರಲ್ಲಿ ಅದರ ಹಿಂಭಾಗವನ್ನು ಮೊಟಕುಗೊಳಿಸಿ 3,995 ಮಿಲಿಮೀಟರಿಗೆ ಇಳಿಸಿದರು. ಡಿಕ್ಕಿ 316 ಲೀಟರಿಗೆ ಕುಗ್ಗಿತು. ಏರ್‌ಬ್ಯಾಗ್ ಕೂಡ ಅಗ್ಗದ ಮಾದರಿಗಳಲ್ಲಿರಲಿಲ್ಲ. 2017ರ ಡಿಜೈರ್ ಅಷ್ಟೇ ಉದ್ದವಿದ್ದರೂ ಅಗಲವಾಯಿತು. ಡಿಕ್ಕಿ 378 ಲೀಟರ್ ಆಯಿತು. ಮುಂದಿನ ಎರಡು ಏರ್‌ಬ್ಯಾಗ್, ಮಕ್ಕಳ ಸೀಟು ಬಿಗಿಯುವ ಕೊಂಡಿ ಎಲ್ಲ ಮಾದರಿಗಳಿಗೂ ಬಂದವು. 2024ರ ನವೆಂಬರಿನಲ್ಲಿ ಬಂದ ಡಿಜೈರ್‌ನಲ್ಲಿ ಆರು ಏರ್‌ಬ್ಯಾಗ್, ಹಿಂದಿನ ಮೂವರಿಗೂ ಹೆಗಲ ಮೇಲಿನ ಬೆಲ್ಟ್ ಇವೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದು ಐದು ತಾರೆ ಪಡೆಯಿತು.

ಇನ್ನು 'ಟೂರ್' ಎಂಬ ತಮ್ಮನೊಬ್ಬನಿದ್ದಾನೆ. ಹೊಸ ಡಿಜೈರ್ ಬಂದಾಗಲೆಲ್ಲ ಹಳೆಯ ಆಕಾರದ ಕಾರನ್ನು ಟ್ಯಾಕ್ಸಿಗಾಗಿ ಈ ಹೆಸರಿನಲ್ಲಿ ಮಾರಿದ್ದಾರೆ. ಹೀಗಾಗಿ ಯಾರಾದರೂ 2019ರ ಡಿಜೈರ್ ಎಂದು ಹಳೆಯ ಆಕಾರದ ಕಾರು ತೋರಿಸಿದರೆ ಎಚ್ಚರ ವಹಿಸಿ. ಅದು ಬಾಡಿಗೆಗೆ ಲಕ್ಷಾಂತರ ಕಿಲೋಮೀಟರ್ ಓಡಿರಬಹುದು. ನೋಂದಣಿ ಪುಸ್ತಕದಲ್ಲಿ ಮಾದರಿಯ ಹೆಸರು, ತಯಾರಾದ ತಿಂಗಳು ಓದಿ ನೋಡಿ. ಡೀಸೆಲ್ ಡಿಜೈರ್ ತಯಾರಿಕೆಯೂ 2020ರಲ್ಲಿ ನಿಂತಿದೆ ಎಂಬುದು ನೆನಪಿರಲಿ.

ಸಿಎನ್‌ಜಿ ಖರ್ಚು ಉಳಿಸುತ್ತದೆ, ನಿಜ. ಆದರೆ ಸಿಲಿಂಡರ್ ಡಿಕ್ಕಿಯ ಬಹುಪಾಲು ನುಂಗುತ್ತದೆ. ಮನೆಯಲ್ಲಿ ಗಾಲಿಕುರ್ಚಿ ಬಳಸುವ ಹಿರಿಯರಿದ್ದರೆ ಅದನ್ನು ಎಲ್ಲಿಡುತ್ತೀರಿ?

ಬೆಲೆಯ ಲೆಕ್ಕವೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆ ಕೇಳುವವರೊಂದಿಗೆ ಧಾರಾಳವಾಗಿ ಚೌಕಾಸಿ ಮಾಡಿ.

ಹಳೆಯ ಕಾರು ನೋಡಲು ನೀವೂ ಹೋಗಿ. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆ ಕಬ್ಬಿಣವನ್ನು ತಿನ್ನುತ್ತವೆ. ಬಾಗಿಲಿನ ಕೆಳಅಂಚು ಸವರಿ, ಡಿಕ್ಕಿಯ ಚಾಪೆ ಎತ್ತಿ ತುಕ್ಕು ಹುಡುಕಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆಯಿದ್ದರೆ ಆ ಕಾರು ನೆರೆಯಲ್ಲಿ ಮುಳುಗಿದ್ದಿರಬಹುದು. ಅತ್ತೆಯನ್ನೂ ಕರೆದೊಯ್ದು ಹಿಂದಿನ ಸೀಟಿನಲ್ಲಿ ಕೂರಿಸಿ, ಇಳಿಸಿ ನೋಡಿ. ಡಿಜೈರ್ ತಗ್ಗಿನ ಕಾರು, ಕೆಲವರ ಮಂಡಿಗೆ ಒಗ್ಗುವುದಿಲ್ಲ.

ಹೊಸದು ಕೊಳ್ಳುವ ಶಕ್ತಿಯಿದ್ದರೆ 2024ರ ಆಕಾರದ್ದು. ಇಲ್ಲವಾದರೆ 2017ರ ನಂತರದ, ಒಬ್ಬರೇ ಓಡಿಸಿದ ಸ್ವಂತ ಬಳಕೆಯ ಕಾರು. ಏರ್‌ಬ್ಯಾಗ್ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ ಎನ್ನಿ. ಮಗುವನ್ನು ಮಡಿಲಲ್ಲಿ ಅಲ್ಲ, ಮಕ್ಕಳ ಸೀಟಿನಲ್ಲಿ ಕೂರಿಸಿ. ಬಣ್ಣದ ಆಯ್ಕೆಯನ್ನು ಬೇಕಾದರೆ ಗಂಡಸರಿಗೇ ಬಿಟ್ಟುಬಿಡಿ!