ಕಂಬಳದ ಕೋಣವನ್ನು ಬೆಂಗಳೂರಿಗೆ ಓಡಿಸಬಹುದೇ?

ಕ್ಯಾಂಟೀನಿನಲ್ಲಿ ಬೈಕಿನ ಮಾತು ಬಂದರೆ ನಮ್ಮಲ್ಲಿ ಎರಡು ಪಕ್ಷ. "ಕೈ ಜೋಮು ಹಿಡಿಯದಿದ್ರೆ ಅದು ಸ್ಪೋರ್ಟ್ ಬೈಕೇ ಅಲ್ಲ ಮಾರಾಯ" ಅನ್ನುವವರದ್ದು ಒಂದು. "ಅಷ್ಟು ಕಷ್ಟ ಆಗುದಾದ್ರೆ ಮಾರಿ ಬೇರೆ ತಗೊ" ಅನ್ನುವವರದ್ದು ಇನ್ನೊಂದು. ನಾನು ಎರಡರಲ್ಲೂ ಇಲ್ಲ. ಮಾರಿ ಬೇರೆ ತಗೊಳ್ಳಲಿಕ್ಕೆ ಈ ಬೈಕಿನ ಸಾಲವೇ ಇನ್ನೂ ತೀರಿಲ್ಲ, ಕಂತು ಕಟ್ಟುತ್ತಿರುವುದು ಅಪ್ಪ. ಇನ್ನು ಜೋಮಿನ ಕಥೆ ಹೇಳುವುದಾದರೆ, ಒಂದು ಭಾನುವಾರ ಬೆಂಗಳೂರಿನಿಂದ ಕಾರ್ಕಳಕ್ಕೆ ಬಂದು, ಸೋಮವಾರ ಬೆಳಿಗ್ಗೆ ಇಂಟರ್ನಲ್ಸ್ ಬರೆಯಲು ಕೂತಾಗ ನನ್ನ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ನನ್ನವು ಅಂತ ಅನ್ನಿಸಲೇ ಇಲ್ಲ. ಪೆನ್ನು ಹಿಡಿಯುತ್ತೇನೆ, ಜಾರುತ್ತದೆ. ಇಪ್ಪತ್ತು ಮಾರ್ಕಿನ ಪ್ರಶ್ನೆಯನ್ನು ಎಡಗೈಯಿಂದ ಬಲಗೈ ತಿಕ್ಕುತ್ತಾ ಬರೆದೆ. ಮಾರ್ಕು ಎಷ್ಟು ಬಂತು ಅಂತ ಇಲ್ಲಿ ಬೇಡ.

ನನ್ನದು ಚಿಕ್ಕ ಸ್ಪೋರ್ಟ್ ಬೈಕು. ಕಂಪನಿ ಹೆಸರು ಹೇಳುವುದಿಲ್ಲ, ಪಾರ್ಕಿಂಗಿನಲ್ಲಿ ನೋಡಿದವರಿಗೆ ಗೊತ್ತುಂಟು. ಎರಡು ತುಂಡು ಹ್ಯಾಂಡಲ್, ಎತ್ತರದ ಸೀಟು, ಹಿಂದಕ್ಕೆ ಹೋದ ಫುಟ್‌ರೆಸ್ಟು. ಈ ಜಾತಿಯ ಬೈಕಿನಲ್ಲಿ ದೂರ ಹೋಗುವುದು ಎಂದರೆ ಮಿಯ್ಯಾರಿನ ಕಂಬಳದ ಕೋಣವನ್ನು ಬೆಂಗಳೂರಿಗೆ ಓಡಿಸಿದ ಹಾಗೆ ಎಂದು ನನ್ನ ದೊಡ್ಡಪ್ಪ ಹೇಳುತ್ತಾರೆ. ಕೋಣದ ತಪ್ಪೇನೂ ಇಲ್ಲ. ಅದನ್ನು ಸಾಕಿದ್ದು ಕರೆಯಲ್ಲಿ ಕೆಲವೇ ಸೆಕೆಂಡು ಓಡಲಿಕ್ಕೆ. ದೊಡ್ಡಪ್ಪನದ್ದು ಮೈಸೂರಿನಲ್ಲಿ ತಯಾರಾದ ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅವರು ಅದನ್ನು ಮಾರಲಿಲ್ಲ. ಅದರಲ್ಲಿ ಅವರು ಕೂರುವುದು ನೋಡಿದರೆ ನಮ್ಮ ಗೊಮ್ಮಟ ನಿಂತ ಹಾಗೆ, ಬೆನ್ನು ಒಂದಿಷ್ಟೂ ಬಗ್ಗುವುದಿಲ್ಲ.

ಆದರೆ ದೊಡ್ಡಪ್ಪನ ಮಾತನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಸ್ಪೋರ್ಟ್ ಬೈಕನ್ನು ಟೂರಿಂಗ್ ಬೈಕು ಮಾಡಲು ಹೋಗಬೇಡಿ. ಹಾಗಂತ ನೋವು ಸಹಿಸಿಕೊಂಡೂ ಇರಬೇಡಿ. ಮಧ್ಯದಲ್ಲಿ ಒಂದು ದಾರಿ ಉಂಟು. ಆ ದಾರಿಯಲ್ಲಿ ಹೆಚ್ಚಿನ ಕೆಲಸಕ್ಕೆ ದುಡ್ಡೇ ಬೇಡ. ನಾವೆಲ್ಲ ಮೊದಲು ಮಾಡುವುದು ದುಡ್ಡಿನ ಕೆಲಸ, ಅಲ್ಲೇ ಎಡವುವುದು. ನಾನೂ ಎಡವಿದೆ, ಆ ಕಥೆ ಮುಂದೆ ಉಂಟು.

ಮೊದಲು ಕೈ ಯಾಕೆ ನೋಯುತ್ತದೆ ಅಂತ ನೋಡುವ. ಮುಂದಕ್ಕೆ ಬಾಗಿ ಕೂತಾಗ ಎದೆ, ತಲೆ, ಭುಜದ ಭಾರವನ್ನು ಯಾರಾದರೂ ಹೊರಬೇಕಲ್ಲ. ರೇಸ್ ಟ್ರ್ಯಾಕಿನಲ್ಲಿ ಸ್ವಲ್ಪ ಭಾಗವನ್ನು ಗಾಳಿ ಹೊರುತ್ತದೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎನ್ನುವುದು ನಮಗೆಲ್ಲ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಂದದ್ದೇ. ಬೈಕು ಮತ್ತು ಸವಾರ ಸೇರಿ ಡ್ರ್ಯಾಗ್ ಏರಿಯಾ 0.4 ಚದರ ಮೀಟರ್ ಅಂತ ಹಿಡಿದು, ಗಾಳಿಯ ಸಾಂದ್ರತೆ 1.2 ಹಾಕಿ ಲೆಕ್ಕ ಮಾಡಿ ನೋಡಿ: ಗಂಟೆಗೆ 120 ಕಿ.ಮೀ. ವೇಗದಲ್ಲಿ ಸುಮಾರು 267 ನ್ಯೂಟನ್, ಅಂದರೆ 27 ಕೆ.ಜಿ. ಭಾರದಷ್ಟು ಬಲ. 60ರಲ್ಲಿ ಬರೀ 67 ನ್ಯೂಟನ್, ಏಳು ಕೆ.ಜಿ.ಯೂ ಇಲ್ಲ. ಅದರಲ್ಲೂ ಎದೆಗೆ ತಾಗುವುದು ಒಂದು ಪಾಲು ಮಾತ್ರ. ಈಗ ಹೇಳಿ, ಸಾಣೂರು–ಬಿಕರ್ನಕಟ್ಟೆ ಚತುಷ್ಪಥ ಕಾಮಗಾರಿಯ ಧೂಳಿನಲ್ಲಿ, ಚಾರ್ಮಾಡಿಯ ತಿರುವಿನಲ್ಲಿ, ಬೇಲೂರಿನ ಪೇಟೆಯಲ್ಲಿ ನಾವು ಹೋಗುವುದು ಎಷ್ಟು ಸ್ಪೀಡಿನಲ್ಲಿ? ಗಾಳಿ ಹೊರಬೇಕಾದ ಭಾರ ಸೀದಾ ಅಂಗೈಗೆ ಬರುತ್ತದೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಅಲ್ನಾರ್ ಎನ್ನುವ ನರ ಹಾದುಹೋಗುತ್ತದೆ. ಅದು ಒತ್ತಿದರೆ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಮೀಡಿಯನ್ ನರ, ಮಣಿಕಟ್ಟು ಮಡಚಿ ಹಿಡಿದದ್ದರ ಫಲ. ಯಾವ ಬೆರಳು ಎಂದು ಗಮನಿಸಿದರೆ ಯಾವುದು ತಪ್ಪು ಎಂದು ಅರ್ಧ ಗೊತ್ತಾಗುತ್ತದೆ. (ಮರುದಿನವೂ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಸೀನಿಯರ್‌ಗಳ ಹತ್ತಿರ ಅಲ್ಲ.)

ಇದರ ಮೇಲೆ ನಡುಕ ಬೇರೆ. ಕೈಗೆ ಯಂತ್ರದ ಕಂಪನ ತಾಗುವ ಕೆಲಸಗಾರರಿಗೆ ಯುರೋಪಿನಲ್ಲಿ 2002ರಲ್ಲೇ ನಿಯಮ ಮಾಡಿದ್ದಾರೆ. ಎಂಟು ಗಂಟೆಯ ದಿನಕ್ಕೆ 2.5 ಮೀ/ಸೆ² ದಾಟಿದರೆ ಮಾಲೀಕ ಕ್ರಮ ತೆಗೆದುಕೊಳ್ಳಬೇಕು, 5 ದಾಟುವಂತೆಯೇ ಇಲ್ಲ. ನಾವು ದುಡ್ಡು ಕೊಟ್ಟು ಕಂಪನ ತೆಗೆದುಕೊಳ್ಳುವವರು, ನಮಗೆ ಮಾಲೀಕ ಯಾರು?

ಈಗ ನನ್ನ ತಪ್ಪುಗಳು. ಮೊದಲನೆಯದು ಸೀಟು. ಕುಶನ್ ಅಂಗಡಿಯವರು "ಮೆತ್ತಗೆ ಮಾಡಿ ಕೊಡ್ತೇನೆ" ಅಂದರು, ನಾನು ಹೂಂ ಅಂದೆ. ಎರಡು ಇಂಚು ಮೆತ್ತನೆಯ ಫೋಮ್, ಮೇಲೆ ಹೊಸ ರೆಗ್ಜಿನ್. ಮೊದಲ ಇಪ್ಪತ್ತು ಕಿಲೋಮೀಟರ್ ಸ್ವರ್ಗ. ನಾರಾವಿ ದಾಟುವಾಗ ಫೋಮ್ ಪೂರ್ತಿ ಕುಸಿದು ಕೆಳಗಿನ ಪ್ಲಾಸ್ಟಿಕ್ ಬೇಸ್ ಮೂಳೆಗೆ ತಾಗಲು ಶುರುವಾಯಿತು. ಅದಕ್ಕಿಂತ ದೊಡ್ಡ ತಪ್ಪು ನನಗೆ ಹೊಳೆದದ್ದು ಆಮೇಲೆ. ಕೂರುವ ಜಾಗ ಮೇಲೆ ಹೋದಷ್ಟೂ ಹ್ಯಾಂಡಲ್ ನನ್ನ ಪಾಲಿಗೆ ಕೆಳಗೆ ಹೋದ ಹಾಗೆಯೇ! ಕಾಲಿಗೆ ಆರಾಮ, ಕೈಗೆ ಶಿಕ್ಷೆ. ಸೀಟು, ಹ್ಯಾಂಡಲ್, ಫುಟ್‌ರೆಸ್ಟು, ಈ ಮೂರು ಸೇರಿ ಒಂದು ತ್ರಿಕೋನ. ಒಂದು ಮೂಲೆ ಎಳೆದರೆ ಉಳಿದ ಎರಡು ಕೋನವೂ ಬದಲಾಗುತ್ತದೆ. ಸಿ.ಇ.ಟಿ. ಬರೆದು ಬಂದ ನಮಗೆ ಇದು ಗೊತ್ತಾಗಲು ಸಾವಿರಾರು ರೂಪಾಯಿ ಖರ್ಚು ಮಾಡಬೇಕಾಯಿತು.

ಎರಡನೆಯದು ಹ್ಯಾಂಡಲ್. ಸೀಟಿನ ತಪ್ಪನ್ನು ಸರಿಮಾಡಲು ರೈಸರ್ ಹಾಕಿಸಿದೆ, ಸುಮಾರು ಮೂರು ಸೆಂಟಿಮೀಟರ್ ಎತ್ತರ. ಹಾಕಿಕೊಟ್ಟವನು ಕೇಬಲ್ ಬಗ್ಗೆ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸ್ಟ್ಯಾಂಡ್ ಹಾಕಿದ್ದ ಬೈಕಿನ ಮೇಲೆ ಕೂತು "ಸೂಪರ್" ಅಂದು ದುಡ್ಡು ಕೊಟ್ಟು ಬಂದೆ. ಮುಂದಿನ ಶನಿವಾರ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟೆ. ಹೋಟೆಲಿನ ಎದುರು ಜಾಗ ಇಕ್ಕಟ್ಟು, ಬಸ್ಸು ನಿಂತಿತ್ತು, ಜನ ಚಹಾ ಕುಡಿಯುತ್ತಿದ್ದರು. ತಿರುಗಿಸಲು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ಎಳೆದೆ. ಥ್ರಾಟಲ್ ಕೇಬಲ್ ಬಿಗಿಯಾಯಿತು. ನಾನು ಆಕ್ಸಿಲರೇಟರ್ ಮುಟ್ಟಲಿಲ್ಲ, ಆದರೂ ಇಂಜಿನ್ ಕೂಗಿತು, ಬೈಕು ಮುಂದಕ್ಕೆ ಹಾರಿತು. ಎದುರಿಗೆ ಒಂದು ಮಗು, ಕೈಯಲ್ಲಿ ಬಿಸ್ಕೆಟ್ ಪ್ಯಾಕೆಟ್. ಕ್ಲಚ್ ಹಿಡಿದೆನೋ ಬೈಕನ್ನೇ ಅಡ್ಡ ಬೀಳಿಸಿದೆನೋ ಈಗ ನೆನಪಿಲ್ಲ, ಎರಡೂ ಆಗಿರಬೇಕು. ಮಗುವಿನ ಅಪ್ಪ ಅದರ ಕೈ ಹಿಡಿದು ಎಳೆದುಕೊಂಡರು. ಮುರಿದದ್ದು ಇಂಡಿಕೇಟರ್ ಮತ್ತು ಕನ್ನಡಿ. ಅವರು ಬೈಯಲಿಲ್ಲ. "ನೋಡ್ಕಂಡು ಓಡಿಸಪ್ಪ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ಬರೆಯಲು ಕೂತದ್ದೇ ಆ ಕಾರಣಕ್ಕೆ. ಫೋಟೋದಲ್ಲಿ ಚೆಂದ ಕಾಣುತ್ತದೆ ಎಂದು ರೈಸರ್ ತರಿಸುವವರು ನಮ್ಮ ಬ್ಯಾಚಿನಲ್ಲೇ ನಾಲ್ಕು ಜನ ಇದ್ದಾರೆ. ದಯವಿಟ್ಟು ಇಷ್ಟು ಮಾಡಿ: ಹಾಕಿಸಿದ ಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ನಿಧಾನ ತಿರುಗಿಸಿ. ಇಂಜಿನ್ ಶಬ್ದ ಒಂದಿಷ್ಟು ಏರಿದರೂ ಆ ಬೈಕು ರಸ್ತೆಗೆ ಇಳಿಯಬಾರದು. ಬ್ರೇಕಿನ ಹೋಸ್ ಎಳೆದ ಹಾಗೆ ಇದೆಯಾ, ಕ್ಲಚ್ ಫ್ರೀ ಪ್ಲೇ ಉಳಿದಿದೆಯಾ, ತುದಿಗೆ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕಿಗೂ ಹ್ಯಾಂಡಲಿಗೂ ಮಧ್ಯೆ ಸಿಕ್ಕಿಬೀಳುತ್ತದಾ, ಎಲ್ಲ ನೋಡಿ. ಎರಡು ನಿಮಿಷದ ಕೆಲಸ. ನಾನು ಆ ಎರಡು ನಿಮಿಷ ಉಳಿಸಿದವನು.

ಕಾನೂನಿನ ಮಾತೂ ಒಂದು ಸಾಲು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ಲಕ್ಷಣ ಬದಲಾಗುವಂಥ ಮಾರ್ಪಾಡು ಬೇಡ ಅನ್ನುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಸೀಟಿನ ಮೇಲೆ ಹಾಸುವ ಪ್ಯಾಡಿಗೆ ಯಾರೂ ಕೇಸು ಹಾಕುವುದಿಲ್ಲ. ಫ್ರೇಮ್ ಕತ್ತರಿಸಿ ವೆಲ್ಡ್ ಮಾಡಿ ಹ್ಯಾಂಡಲ್ ಕೂರಿಸುವವರು ಮಾತ್ರ ಎರಡು ಸಲ ಯೋಚಿಸಿ.

ಹಾಗಾದರೆ ಏನು ಮಾಡುವುದು? ರೈಸರ್ ತೆಗೆದೆ, ಮೆತ್ತನೆ ಫೋಮೂ ತೆಗೆಸಿದೆ. ಮೊದಲು ಮಾಡಿದ್ದು ಸ್ಪ್ಯಾನರ್ ಹಿಡಿದು ಕ್ಲಚ್ ಮತ್ತು ಬ್ರೇಕ್ ಲಿವರ್ ತಿರುಗಿಸಿದ್ದು. ಬೈಕಿನ ಮೇಲೆ ಕೂತು ಕಣ್ಣು ಮುಚ್ಚಿ, ಕೈ ಸಹಜವಾಗಿ ಇಟ್ಟು ಬೆರಳು ಚಾಚಿ. ಬೆರಳು ಲಿವರಿನ ಮೇಲೆ ನೇರ ಬೀಳಬೇಕು, ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ. ನನ್ನ ಬೈಕಿನಲ್ಲಿ ಲಿವರ್ ತುಂಬಾ ಮೇಲಿತ್ತು, ಮಣಿಕಟ್ಟು ಇಡೀ ದಿನ ಮಡಚಿಕೊಂಡೇ ಇರುತ್ತಿತ್ತು. ಸ್ವಲ್ಪ ಕೆಳಗೆ ಇಳಿಸಿದೆ. ಖರ್ಚು ಸೊನ್ನೆ.

ಆಮೇಲೆ ಟೈರಿನ ಗಾಳಿ. ಪೆಟ್ರೋಲ್ ಬಂಕಿನ ಹುಡುಗ ಕೇಳದೆಯೇ 40 ತುಂಬಿಸಿಬಿಡುತ್ತಾನೆ, ಕಲ್ಲಿನ ಹಾಗೆ ಆಗುತ್ತದೆ. ಬೈಕಿನ ಮೇಲೇ ಸ್ಟಿಕ್ಕರ್ ಉಂಟು, ಎಷ್ಟು ಬೇಕು ಅಂತ ಬರೆದಿರುತ್ತದೆ. ಟೈರು ತಣ್ಣಗಿರುವಾಗ ನೋಡಬೇಕು.

ಇನ್ನು ದೊಡ್ಡ ವಿಷಯ, ಹೊಟ್ಟೆ ಮತ್ತು ಮೊಣಕಾಲು. ಇದನ್ನು ನಂಬದವರು ಮನೆಯಲ್ಲೇ ಪರೀಕ್ಷೆ ಮಾಡಿ. ಸ್ಟೂಲಿನ ಮೇಲೆ ಕೂತು ಮುಂದಕ್ಕೆ ಬಾಗಿ, ಎದುರಿನ ಮೇಜಿನ ಮೇಲೆ ತೂಕ ನೋಡುವ ಯಂತ್ರ ಇಟ್ಟು ಅದರ ಮೇಲೆ ಅಂಗೈ ಊರಿ. ಮೈ ಸಡಿಲ ಬಿಟ್ಟಾಗ ಎಷ್ಟು, ಹೊಟ್ಟೆ ಬಿಗಿ ಹಿಡಿದು ತೊಡೆ ಒತ್ತಿದಾಗ ಎಷ್ಟು ಅಂತ ನೋಡಿ. ನನ್ನ ಲೆಕ್ಕದಲ್ಲಿ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಮ್ಮ ಬಂದು "ಎಂತ ಮಾಡ್ತಿದ್ದಿ ನೀನು?" ಅಂತ ಕೇಳಿದರು, ಲ್ಯಾಬ್ ಅಂದೆ. ಬೈಕಿನಲ್ಲೂ ಹಾಗೆಯೇ, ಟ್ಯಾಂಕನ್ನು ಮೊಣಕಾಲಿನಿಂದ ಹಿಡಿದುಕೊಂಡರೆ ಕೈ ಹಗುರ. ಆದರೆ ಪೇಂಟಿನ ಮೇಲೆ ಪ್ಯಾಂಟು ಜಾರುತ್ತದೆ. ಅದಕ್ಕೆ ಟ್ಯಾಂಕಿನ ಎರಡೂ ಬದಿಗೆ ಅಂಟಿಸುವ ರಬ್ಬರ್ ಗ್ರಿಪ್ ಸಿಗುತ್ತದೆ. ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಪಶ್ಚಾತ್ತಾಪ ಪಡದ ಮೊದಲ ದುಡ್ಡು ಅದು.

ಎರಡನೆಯದು ಹ್ಯಾಂಡಲಿನ ತುದಿಗೆ ಸ್ವಲ್ಪ ಭಾರದ ಬಾರ್ ಎಂಡ್. ದ್ರವ್ಯರಾಶಿ ಹೆಚ್ಚಾದರೆ ಸಹಜ ಆವರ್ತನ ಇಳಿಯುತ್ತದೆ, ನಾವು ಓಡಿಸುವ ಆರ್‌ಪಿಎಂನಲ್ಲಿ ಬರುತ್ತಿದ್ದ ನಡುಕ ಬೇರೆ ಕಡೆ ಸರಿಯುತ್ತದೆ. ಮಾಯ ಆಗುವುದಿಲ್ಲ, ಸರಿಯುತ್ತದೆ. ಸೀಟಿಗೆ ಈಗ ಗಾಳಿಯಾಡುವ ಜಾಳಿಗೆಯಂಥ ತೆಳು ಕವರ್ ಮಾತ್ರ. ಫೋಮ್ ಬದಲಿಸಲೇಬೇಕು ಅನ್ನುವವರು ಗಟ್ಟಿ ಫೋಮ್ ಕೇಳಿ. ದಪ್ಪ ಹೆಚ್ಚಿಸುವುದು ಬೇಡ, ಮುಂದಕ್ಕೆ ಜಾರುವ ಇಳಿಜಾರನ್ನು ಸಮ ಮಾಡಿಸಿ.

ಬ್ಯಾಗು ಬೆನ್ನಿಗೆ ಹಾಕಬೇಡಿ. ಲ್ಯಾಪ್‌ಟಾಪು, ಮಾವಿನ ಮಿಡಿ ಉಪ್ಪಿನಕಾಯಿ ಭರಣಿ, ಬೆಂಗಳೂರಿನ ಅಕ್ಕನಿಗೆ ಅಂತ ಅಮ್ಮ ತುಂಬಿಸಿದ ತೆಂಗಿನೆಣ್ಣೆ, ಇಷ್ಟೂ ಭುಜದಿಂದ ಇಳಿದು ಬರುವುದು ಅದೇ ಎರಡು ಮಣಿಕಟ್ಟಿಗೆ. ಹಿಂದಿನ ಸೀಟಿಗೆ ಟೈಲ್ ಬ್ಯಾಗ್ ಕಟ್ಟಿ, ಹಿಂದಿನ ಲೈಟು ಮುಚ್ಚದ ಹಾಗೆ.

ಮತ್ತೆ, ನಿಲ್ಲಿಸಿ ಮಾರಾಯ್ರೆ. ನನ್ನ ಬೈಕಿನ ಟ್ಯಾಂಕು 11 ಲೀಟರ್, ಲೀಟರಿಗೆ 40ರ ಹತ್ತಿರ ಕೊಡುತ್ತದೆ. ಅಂದರೆ ಕಾರ್ಕಳದಿಂದ ಬೆಂಗಳೂರಿಗೆ ಅದಕ್ಕೆ ನಿಲ್ಲುವ ಅಗತ್ಯವೇ ಇಲ್ಲ, ತೊಂದರೆ ಆಗುವುದೇ ಅಲ್ಲಿ. "ಐದೂವರೆ ಗಂಟೆಯಲ್ಲಿ ಮುಟ್ಟಿದೆ" ಅಂತ ಸ್ಟೇಟಸ್ ಹಾಕುವ ಚಟ ನನಗೂ ಇತ್ತು. ಈಗ ಗಂಟೆಗೊಮ್ಮೆ ನಿಲ್ಲುತ್ತೇನೆ: ಉಜಿರೆ, ಕೊಟ್ಟಿಗೆಹಾರ, ಬೇಲೂರು, ಚನ್ನರಾಯಪಟ್ಟಣ, ಕುಣಿಗಲ್. ಐದು ನಿಮಿಷ ಕೈ ಕೊಡವಿ, ನೀರು ಕುಡಿದು ಹೊರಡುವುದು. ಒಟ್ಟು ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ.

ಕಂಪನಿಯವರಿಗೂ ಒಂದು ಮಾತು. 2022ರ ಕೆಟಿಎಂ ಆರ್‌ಸಿ 390ಯಲ್ಲಿ ಹ್ಯಾಂಡಲ್ ಎತ್ತರ ಸ್ವಲ್ಪ ಏರಿಸಿ ಇಳಿಸುವ ವ್ಯವಸ್ಥೆ ಕಾರ್ಖಾನೆಯಿಂದಲೇ ಬಂತು. ಅಲ್ಲಿ ಆಗುವುದು ಚಿಕ್ಕ ಬೈಕಿನಲ್ಲಿ ಯಾಕೆ ಆಗಬಾರದು? ಕೇಬಲ್ ಉದ್ದ ಲೆಕ್ಕ ಹಾಕಿ ಕೊಡುವವರು ಅವರೇ ಆದರೆ, ನಾವು ಕಂಡವರ ಕೈಗೆ ಬೈಕು ಕೊಡಬೇಕಾಗಿಲ್ಲ. ದಿನವೂ ಕಾಲೇಜಿಗೆ, ರಜೆಗೆ ಊರಿಗೆ, ಎರಡಕ್ಕೂ ಒಂದೇ ಬೈಕು ಇರುವವರೇ ಇಲ್ಲಿ ಹೆಚ್ಚು ಎನ್ನುವುದು ಅವರಿಗೆ ಗೊತ್ತಿಲ್ಲದ್ದಲ್ಲ.

ಇಷ್ಟೆಲ್ಲ ಮಾಡಿಯೂ ಸರಿಯಾಗದ ಒಂದು ವಿಷಯ ಉಂಟು, ಹಿಂದಿನ ಸೀಟು. ಅಮ್ಮನನ್ನು ಒಮ್ಮೆ ಅತ್ತೂರು ಜಾತ್ರೆಗೆ ಕೂರಿಸಿಕೊಂಡು ಹೋದೆ. ಪರ್ಪಲೆಯ ಏರಿನಲ್ಲಿ ನನ್ನ ಭುಜ ಹಿಡಿದ ಹಿಡಿತ ಈಗಲೂ ನೆನಪುಂಟು. ವಾಪಸು ಅವರು ರಿಕ್ಷಾದಲ್ಲಿ ಬಂದರು. ಅದಕ್ಕೆ ನನ್ನಲ್ಲಿ ಪರಿಹಾರ ಇಲ್ಲ, ದೊಡ್ಡಪ್ಪನ ಯೆಜ್ಡಿ ಕೇಳಿ ಪಡೆಯುವುದು ಬಿಟ್ಟು.

ಕಳೆದ ತಿಂಗಳು ಬೆಂಗಳೂರಿಗೆ ಹೋಗಿ ಬಂದೆ. ಸೊಂಟ ನೋಯಿತು, ಕುತ್ತಿಗೆ ಸ್ವಲ್ಪ ಹಿಡಿಯಿತು, ಬೆರಳು ಹತ್ತೂ ನನ್ನವೇ ಆಗಿದ್ದವು. ಸೋಮವಾರ ಇಂಟರ್ನಲ್ಸ್ ಇರಲಿಲ್ಲ, ಆದರೂ ಮನೆಗೆ ಬಂದ ಕೂಡಲೇ ಪೆನ್ನು ಹಿಡಿದು ನೋಡಿದೆ. ಆ ರೈಸರ್ ಜೋಡಿ ನನ್ನ ಟೂಲ್ ಬಾಕ್ಸಿನಲ್ಲಿ ಹಾಗೆಯೇ ಬಿದ್ದಿದೆ. ಬೇಕಾದವರು ಕೇಳಬಹುದು, ದುಡ್ಡು ಬೇಡ, ಉದ್ದದ ಕೇಬಲ್ ತಂದು ತೋರಿಸಿದ ಮೇಲೆ ಕೊಡುತ್ತೇನೆ.